ಸರಗೋಸಾಗೆ ಹೋದರೆ ವೈನ್ ಎಲ್ಲಿ ಕುಡಿಯಬೇಕು?

ಕುಡಿಯುವವರ ಫಜೀತಿಗಳನ್ನು ಎಲ್ಲರೂ ಹೇಳುತ್ತಾರೆ. ಕುಡಿಯದವನು ವೈನ್ ಬಾರಿನಲ್ಲಿ ಕೆಲಸಕ್ಕಿದ್ದರೆ ಆಗುವ ಫಜೀತಿಗಳನ್ನು ಹೇಳುವವರು ಕಡಿಮೆ. ಅಂಥವು ಹುಡುಕಿಕೊಂಡು ಬಂದು ನನ್ನ ಮೇಲೇ ಬೀಳುತ್ತಿದ್ದವು, ಆದ್ದರಿಂದ ಹೇಳುವ ಕೆಲಸವೂ ನನ್ನದೇ.

ನಾನು ನಂಜನಗೂಡಿನವನು. ಎರಡು ಸಾವಿರದ ದಶಕದಲ್ಲಿ ಓದಲಿಕ್ಕೆಂದು ಸಿಡ್ನಿಗೆ ಹೋದೆ. ಹೊರಡುವ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಅಮ್ಮ ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡು, "ಒಂದು ತೊಟ್ಟೂ ಬಾಯಿಗೆ ಹಾಕಲ್ಲ ಅಂತ ಹೇಳು" ಅಂದಳು. ಹಿಂದೆ ಟ್ರಾಲಿ ಹಿಡಿದವರ ದೊಡ್ಡ ಸಾಲು ನಿಂತಿತ್ತು, ಎಲ್ಲರೂ ನನ್ನ ಉತ್ತರಕ್ಕೇ ಕಾಯುತ್ತಿದ್ದರು. ಹೇಳಿಬಿಟ್ಟೆ. ಆಮೇಲೆ ಸಿಡ್ನಿಯಲ್ಲಿ ನನಗೆ ಸಿಕ್ಕಿದ ಕೆಲಸ ಪೇಟೆಯ ಗಲ್ಲಿಯೊಂದರ ಸ್ಪ್ಯಾನಿಷ್ ವೈನ್ ಬಾರಿನಲ್ಲಿ. ಅಮ್ಮನಿಗೆ ಫೋನಿನಲ್ಲಿ ಮುಚ್ಚುಮರೆ ಇಲ್ಲದೆ ತಿಳಿಸಿದೆ. ಅವಳು, "ಮಾರೋದು ಹೊಟ್ಟೆಪಾಡು, ಕುಡಿಯೋದು ಚಟ. ಕೊಟ್ಟ ಮಾತು ನೆನಪಿರಲಿ" ಅಂದಳು. ನೆನಪಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ನೀರು ಕುಡಿದು ಸಿಕ್ಕ ಕೆಲಸ

ಸ್ಪೇನಿನಲ್ಲಿ ಸರಗೋಸಾ ಅಂತ ಒಂದು ಹಳೇ ಊರಿದೆ. ರೋಮನ್ನರ ಕಾಲದ ಗೋಡೆ, ನದಿ, ನದಿಯ ದಂಡೆಗೆ ದೊಡ್ಡ ಚರ್ಚು, ಅದರ ಬೆನ್ನಿಗೆ ಇಕ್ಕಟ್ಟು ಗಲ್ಲಿಗಳು. ನಮ್ಮ ಯಜಮಾನರು ಆ ಊರಿನವರು. ದಪ್ಪ ಮೀಸೆ, ಸಣ್ಣ ತಾಳ್ಮೆ. ಯುವಕರಾಗಿದ್ದಾಗಲೇ ಹಡಗು ಹತ್ತಿ ಬಂದವರು ಮತ್ತೆ ಊರ ಕಡೆ ಹೋಗಿರಲಿಲ್ಲ, ಆದರೆ ಬಾರಿನ ಗೋಡೆಯ ತುಂಬ ಊರಿನ ಫೋಟೋಗಳನ್ನು ಹಾಕಿಕೊಂಡಿದ್ದರು.

ಸಂದರ್ಶನಕ್ಕೆ ಹೋದ ದಿನ ಜನವರಿಯ ಸುಡುಬಿಸಿಲು. ಸ್ಟೇಷನ್ನಿನಿಂದ ನಡೆದು ಬಂದು ಗಂಟಲು ಒಣಗಿತ್ತು. ನನ್ನ ಮುಖ ನೋಡಿ ಅವರು ಒಂದು ಗ್ಲಾಸ್ ನೀರು ಇಟ್ಟರು. ನಾನು ಅಭ್ಯಾಸಬಲದಿಂದ ತಲೆ ಹಿಂದಕ್ಕೆ ಹಾಕಿ, ಗ್ಲಾಸನ್ನು ಎತ್ತಿ ಹಿಡಿದು, ತುಟಿಗೆ ತಾಗಿಸದೆ ಬಾಯೊಳಗೆ ಸುರಿದುಕೊಂಡೆ. ನಮ್ಮ ಮನೆಯಲ್ಲಿ ಲೋಟ ಕಚ್ಚಿ ಕುಡಿದರೆ ಅದು ಎಂಜಲು, ಅಮ್ಮ ಲೋಟ ತೊಳೆಯುವ ಮೊದಲು ನಮ್ಮನ್ನು ತೊಳೆಯುತ್ತಿದ್ದಳು.

ಯಜಮಾನರು ಮಾತು ನಿಲ್ಲಿಸಿ ನನ್ನನ್ನೇ ದಿಟ್ಟಿಸತೊಡಗಿದರು. ಏನೋ ಅಪಚಾರ ಮಾಡಿದೆ, ಕೆಲಸ ಹೋಯಿತು ಅಂದುಕೊಂಡೆ. ಆ ವಾರ ರೆಂಟ್ ಬೇರೆ ಕೊಡಬೇಕಿತ್ತು. ಅವರು ಒಳಗೆ ಹೋಗಿ ಒಂದು ಗಾಜಿನ ಪಾತ್ರೆ ತಂದರು. ಅಗಲ ಹೊಟ್ಟೆ, ಪಕ್ಕಕ್ಕೆ ಸಣ್ಣ ಮೂತಿ, ಥೇಟ್ ನಮ್ಮ ದೇವರ ಮನೆಯ ಗಿಂಡಿ. ಅವರ ಭಾಷೆಯಲ್ಲಿ ಅದು ಪೊರ್ರೋನ್. ಅವರೂರಿನಲ್ಲಿ ವೈನನ್ನು ಅದರಲ್ಲಿ ತುಂಬಿ, ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ, ಯಾರೂ ಬಾಯಿ ತಾಗಿಸದೆ ಮೇಲಿಂದ ಧಾರೆ ಬಿಟ್ಟುಕೊಂಡು ಕುಡಿಯುತ್ತಾರಂತೆ. ಸಿಡ್ನಿಯ ಗಿರಾಕಿಗಳು ಅದನ್ನು ಹಿಡಿದರೆ ಅರ್ಧ ಬಾಯಿಗೆ, ಅರ್ಧ ಶರಟಿಗೆ. ಅವರು ಅದಕ್ಕೆ ನೀರು ತುಂಬಿ ಕೊಟ್ಟು, "ಕುಡಿ" ಅಂದರು.

ಎತ್ತಿದೆ. ಒಂದು ಹನಿ ಆಚೀಚೆ ಆಗಲಿಲ್ಲ.

"ಯಾರು ಕಲಿಸಿದ್ದು?"

ಕುಡಿಯುತ್ತಲೇ ಎಡಗೈಯಲ್ಲಿ ಪರ್ಸ್ ತೆಗೆದು ಅಮ್ಮನ ಫೋಟೋ ತೋರಿಸಿದೆ.

"ಆಕೆಯನ್ನ ಒಂದು ದಿನ ನಾನು ನೋಡಬೇಕು" ಅಂದವರೇ ಅಡುಗೆಮನೆಯ ಕಡೆ ತಿರುಗಿ, "ಇಷ್ಟು ವರ್ಷಕ್ಕೆ ಈ ದೇಶದಲ್ಲಿ ಕುಡಿಯೋಕೆ ಬರೋನು ಒಬ್ಬ ಸಿಕ್ಕಿದ!" ಎಂದು ಕೂಗಿ ನನ್ನ ಕೊರಳಿಗೆ ಏಪ್ರನ್ ಹಾಕಿದರು. ಸಾರ್, ನಾನು ಕುಡಿಯುವವನೇ ಅಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಬಾಯಿ ತುಂಬ ನೀರಿತ್ತು.

ಹಾಸಿಗೆ ಅಂಗಡಿ

ಬಾರಿನಲ್ಲಿ ಎರಡು ಗಿಂಡಿಗಳು ಓಡಾಡುತ್ತಿದ್ದವು. ಒಂದು ಕೌಂಟರಿನ ಮೇಲೆ, ಗಿರಾಕಿಗಳಿಗೆ. ಇನ್ನೊಂದು ಯಜಮಾನರ ಸ್ವಂತದ್ದು, ಮೇಲಿನ ಶೆಲ್ಫಿನಲ್ಲಿ, ಬಿಳಿ ಬಟ್ಟೆ ಸುತ್ತಿಕೊಂಡು ಕೂತಿರುತ್ತಿತ್ತು. ಅದನ್ನು ಅವರೇ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ತುಂಬಬೇಕು, ಅವರೇ ಕುಡಿಯಬೇಕು, ಅವರೇ ತೊಳೆಯಬೇಕು. ನಮ್ಮಜ್ಜಿಯ ಮಡಿ ಪಾತ್ರೆಗೂ ಅಷ್ಟು ಬಿಗಿ ಇರಲಿಲ್ಲ. ಊರಿನ ಅತ್ಯುತ್ತಮ ವೈನನ್ನು ಮುದುಕ ಒಬ್ಬನೇ ಹೀರುತ್ತಾನೆ ಎಂದು ಕೆಲಸದವರೆಲ್ಲ ಒಳಗೊಳಗೇ ಉರಿದುಕೊಳ್ಳುತ್ತಿದ್ದೆವು.

ಬರುವ ಗಿರಾಕಿಗಳ ಖಾಯಂ ಪ್ರಶ್ನೆ ಒಂದಿತ್ತು. "ನಾವು ಸ್ಪೇನಿಗೆ ಹೊರಟಿದ್ದೇವೆ, ಸರಗೋಸಾದಲ್ಲಿ ಆ ಊರಿನದೇ ವೈನ್ ಎಲ್ಲಿ ಕುಡಿಯಬೇಕು?" ಯಜಮಾನರ ಉತ್ತರವೂ ಖಾಯಂ. ದೊಡ್ಡ ಚರ್ಚಿಗೆ ಬೆನ್ನು ಹಾಕಿ ನಿಲ್ಲಿ, ಎಡಗಡೆಯ ಗಲ್ಲಿ ಹಿಡಿಯಿರಿ, ಹಸಿರು ಬಾಗಿಲು, ಒಳಗೆ ಪೀಪಾಯಿಗಳು, ಕೂರಲು ಬೆಂಚು. ಮಿಕ್ಕ ಕಡೆಯೆಲ್ಲ ಕುಡಿಯುವುದು ವ್ಯರ್ಥ. ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು. ಅವರು ಬೇರೆ ಕೆಲಸದಲ್ಲಿದ್ದಾಗ ನಾನೇ ಹೇಳತೊಡಗಿದೆ, ಹುಟ್ಟಿ ಬೆಳೆದದ್ದೇ ಆ ಬೆಂಚಿನ ಮೇಲೆ ಅನ್ನುವ ಹಾಗೆ.

ಒಂದು ದಿನ ನಿವೃತ್ತ ಮೇಷ್ಟ್ರು ದಂಪತಿ ಬಂದರು. ಪಾಪದ ಜನ, ಜೀವಮಾನದಲ್ಲಿ ಒಂದೇ ಸಲ ಹೊರಟ ಪ್ರವಾಸ. ನಾನು ಹಸಿರು ಬಾಗಿಲಿನವರೆಗೂ ಅವರನ್ನು ಮಾತಿನಲ್ಲೇ ಕೈಹಿಡಿದು ನಡೆಸಿದೆ. ಹೆಂಗಸು ಮೆಚ್ಚಿಕೊಂಡು, "ಅಲ್ಲಿ ನಿಮಗಿಷ್ಟವಾದ ವೈನ್ ಯಾವುದು?" ಅಂದರು. ಆ ಪ್ರಶ್ನೆ ನನ್ನ ಪಾಠದಲ್ಲಿ ಇರಲಿಲ್ಲ. ತಡವರಿಸಿ, "ನಾನು ಕುಡಿಯಲ್ಲ ಮೇಡಂ" ಅಂದುಬಿಟ್ಟೆ. ಹಿಂದಿನಿಂದ ಗ್ಲಾಸ್ ಕೆಳಗಿಟ್ಟ ಸದ್ದಾಯಿತು. ತಿರುಗಿದರೆ ಯಜಮಾನರು.

ಗಿರಾಕಿಗಳು ಹೋದ ಮೇಲೆ ಒಳಗೆ ಕರೆದರು. "ಕುಡಿಯಲ್ವಾ?"

"ಇಲ್ಲ. ಅಮ್ಮನಿಗೆ ಮಾತು ಕೊಟ್ಟಿದ್ದೀನಿ. ನಮ್ಮ ಕಡೆ ರೂಢಿಯೂ ಇಲ್ಲ."

"ಕುಡಿಯದೇ ಇರೋನು ನನ್ನೂರಿಗೆ ಜನರನ್ನ ಕುಡಿಯೋಕೆ ಕಳಿಸ್ತೀಯಾ? ಆ ಇಬ್ಬರು ವಾಪಸ್ ಬರಲಿ. ಒಂದು ಕೆಟ್ಟ ಮಾತು ಆಡಿದರೆ ಏಪ್ರನ್ ಬಿಚ್ಚಿಟ್ಟು ಹೊರಡು."

ಅಲ್ಲಿಂದ ಬಾಗಿಲು ತೆರೆದಾಗಲೆಲ್ಲ ಅವರೇನಾ ಎಂದು ತಿರುಗಿ ನೋಡುತ್ತಿದ್ದೆ. ಪ್ರವಾಸ ಮುಗಿಸಿಕೊಂಡು ಮೇಷ್ಟ್ರು ದಂಪತಿ ಬಂದೇ ಬಂದರು, ಮುಖ ಕೆಂಪಾಗಿತ್ತು. ಹೆಂಗಸು ಒಂದು ಮಾತೂ ಆಡದೆ ಕ್ಯಾಮೆರಾ ತೆಗೆದು ಕೌಂಟರಿನ ಮೇಲಿಟ್ಟರು. ಫೋಟೋದಲ್ಲಿ ಹಸಿರು ಬಾಗಿಲು ಇತ್ತು. ಬಾಗಿಲ ಒಳಗೆ ಹಾಸಿಗೆಗಳು. ಸಾಲಾಗಿ ಹಾಸಿಗೆ, ದಿಂಬು, ಮತ್ತೆ ಹಾಸಿಗೆ.

ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿದರು. "ಬಾಗಿಲು ಅದೇ" ಅಂದರು ಮೆಲ್ಲಗೆ. ಆಗ ನನಗೆ ಹೊಳೆಯಿತು, ಇವರು ಹೇಳುತ್ತಿದ್ದುದು ತಾವು ಹಡಗು ಹತ್ತಿದ ಕಾಲದ ಸರಗೋಸಾ. ಸಿಡ್ನಿಯ ನಮ್ಮ ಕನ್ನಡ ಸಂಘದ ಹಿರಿಯ ಅಂಕಲ್‌ಗಳೂ ಹೀಗೆಯೇ, ಬೆಂಗಳೂರಿಗೆ ಹೊರಟವರಿಗೆ ಎಂದೋ ಕೆಡವಿದ ಟಾಕೀಸಿನ ಪಕ್ಕಕ್ಕೆ ತಿರುಗು ಅನ್ನುತ್ತಾರೆ. ಆದರೆ ಇದನ್ನು ಹೇಳುವ ಹೊತ್ತು ಅದಾಗಿರಲಿಲ್ಲ. ನಾನು ಏಪ್ರನ್ನಿನ ಗಂಟಿಗೆ ಕೈ ಹಾಕಿದ್ದೆ.

ಅಷ್ಟರಲ್ಲಿ ಮೇಷ್ಟ್ರು ನಗಲು ಶುರುಮಾಡಿದರು. "ಅಂಗಡಿಯವನು ಏನಂದ ಗೊತ್ತಾ? ಆಸ್ಟ್ರೇಲಿಯಾದವರು ಬರ್ತಾನೇ ಇರ್ತಾರೆ, ಹಾಸಿಗೆ ಮೇಲೆ ಕೂತು ವೈನ್ ಕೇಳ್ತಾರೆ, ಮೊದಲು ಬೈದು ಕಳಿಸ್ತಿದ್ದೆ, ಈಗ ಸಾಕಾಗಿ ದಿಂಬುಗಳ ಹಿಂದೆ ಒಂದು ಪೀಪಾಯಿ ಇಟ್ಟಿದ್ದೀನಿ ಅಂದ. ಇಡೀ ಸ್ಪೇನಿನಲ್ಲಿ ನಾವು ಕುಡಿದ ಒಳ್ಳೇ ವೈನ್ ಅದೇ."

"ಅದೂ ಅಲ್ಲದೆ," ಎಂದರು ಹೆಂಗಸು, "ಕುಡಿದ ಮೇಲೆ ಹೋಟೆಲಿಗೆ ನಡೆಯೋ ಕೆಲಸ ಇಲ್ಲ."

ಪ್ರಸಾದ

ಕೆಲಸ ಉಳಿಯಿತು, ಅನುಮಾನವೂ ಉಳಿಯಿತು. "ನಿಮ್ಮ ಕಡೆ ಯಾರೂ ಕುಡಿಯಲ್ಲ ಅಂದೆಯಲ್ಲ, ನಿಜವಾ?" ಎಂದು ಯಜಮಾನರು ಆಗಾಗ ಕೇಳುವರು. "ಯಾರೂ ಇಲ್ಲ" ಎಂದು ಇಡೀ ಕರ್ನಾಟಕದ ಪರವಾಗಿ ನಾನು ಹೇಳುತ್ತಿದ್ದೆ.

ನಾನಾಗ ಸಿಡ್ನಿಯ ಬಡಾವಣೆ ಗಿರಾವೀನ್‌ನಲ್ಲಿ ಹುಡುಗರ ಜೊತೆ ಮನೆ ಹಂಚಿಕೊಂಡಿದ್ದೆ. ಅಲ್ಲಿ ಒಂದು ಹಾಲ್ ಬುಕ್ ಮಾಡಿ ನಮ್ಮವರು ಗಣೇಶನ ಹಬ್ಬ ಮಾಡುತ್ತಿದ್ದರು. ಪೂಜೆಯ ಮುಂದಾಳುಗಳು ಇಬ್ಬರು ಅಂಕಲ್‌ಗಳು. ಒಬ್ಬರು ಸಂಘದ ಅಧ್ಯಕ್ಷರು, ಇನ್ನೊಬ್ಬರು ಕಾರ್ಯದರ್ಶಿಗಳು. ಆಚಾರದಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಪೈಪೋಟಿ. ಆ ವರ್ಷ ಊಟದ ಸಾಲಿನಲ್ಲಿ ನನ್ನ ವಿಷಯ ಹೊರಬಿತ್ತು.

"ಏನಪ್ಪ, ಬಾರಲ್ಲಿ ಕೆಲ್ಸ ಮಾಡ್ತೀಯಂತೆ?" ಅಧ್ಯಕ್ಷರು ಎಲ್ಲರಿಗೂ ಕೇಳುವ ಹಾಗೆ ಅಂದರು. "ನಂಜುಂಡೇಶ್ವರನ ಊರಿನ ಹುಡುಗ! ಛೆ ಛೆ."

"ಇಂಥವ್ರಿಂದ ನಮ್ಮ ಮಕ್ಕಳು ಏನು ಕಲೀಬೇಕು?" ಕಾರ್ಯದರ್ಶಿಗಳು ಸೇರಿಸಿದರು. ನಾನು ಕೋಸಂಬರಿ ನೋಡುತ್ತ ಕುಳಿತೆ. ಮಕ್ಕಳು ಮಾತ್ರ "ಕೂಲ್, ಅಂಕಲ್!" ಎಂದು ನನ್ನ ಕಡೆ ಹೆಬ್ಬೆರಳು ಎತ್ತಿದರು.

ಕಾರ್ ಪಾರ್ಕಿನಲ್ಲಿ ಅಧ್ಯಕ್ಷರು ಹಿಂದೆ ಬಂದರು. "ಯಾವ ಬೀದಿ ಅದು? ನಮ್ಮ ಹುಡುಗ್ರನ್ನ ಆ ಕಡೆ ಹೋಗದ ಹಾಗೆ ನೋಡ್ಕೋಬೇಕು, ಅದಕ್ಕೆ ಕೇಳ್ದೆ. ನೀನು ಯಾವ್ಯಾವ ದಿನ ಇರ್ತೀಯ?" ಹೇಳಿದೆ. ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಗಳೂ ಬಂದು ಅದನ್ನೇ ಕೇಳಿದರು. ಮಕ್ಕಳ ಮೇಲೆ ಇವರಿಗೆ ಎಷ್ಟು ಕಾಳಜಿ ಎಂದು ನನ್ನ ಮೇಲೆ ನನಗೇ ಬೇಸರವಾಯಿತು.

ಕೆಲವು ತಿಂಗಳ ನಂತರ ಒಂದು ಬುಧವಾರ, ನನ್ನ ವಾರದ ರಜೆ ಬದಲಾಯಿಸಿಕೊಂಡು ಕೆಲಸಕ್ಕೆ ಬಂದಿದ್ದೆ. ಮಧ್ಯಾಹ್ನ ಬಾಗಿಲು ತೆರೆದು ಅಧ್ಯಕ್ಷರು ಒಳಗೆ ಬಂದರು. ನನ್ನನ್ನು ನೋಡಿ ಅರ್ಧ ಹೆಜ್ಜೆಯಲ್ಲೇ ನಿಂತರು. ನನಗೆ ಅವರಿಗಿಂತ ಹೆಚ್ಚು ಭಯ, ಇಲ್ಲೂ ಬೈಯಲು ಬಂದರೆ ಯಜಮಾನರ ಮುಂದೆ ಏನು ಮಾಡಲಿ ಎಂದು. ಅಷ್ಟರಲ್ಲಿ ಅವರ ಬೆನ್ನ ಹಿಂದೆಯೇ ಕಾರ್ಯದರ್ಶಿಗಳು ಬಂದರು. ಮೂವರೂ ಕಂಬಗಳ ಹಾಗೆ ನಿಂತೆವು.

"ಓ, ನೀವು!" ಅಂದರು ಅಧ್ಯಕ್ಷರು. "ಈ ಹುಡುಗನಿಗೆ ಪ್ರಸಾದ ಕೊಟ್ಟು ಹೋಗೋಣ ಅಂತ ಬಂದೆ."

"ನಾನೂ ಅದಕ್ಕೇ ಬಂದದ್ದು" ಅಂದರು ಕಾರ್ಯದರ್ಶಿಗಳು.

ಇಬ್ಬರ ಕೈಯೂ ಖಾಲಿ. ನಾನು ಪ್ರಸಾದಕ್ಕೆ ಕೈ ಒಡ್ಡಿಯಾಗಿತ್ತು, ಹಿಂದಕ್ಕೆ ತೆಗೆದುಕೊಳ್ಳಲು ತಿಳಿಯಲಿಲ್ಲ. ಆಗ ಯಜಮಾನರು ಒಳಗಿನಿಂದ ಬಂದು ಇಬ್ಬರನ್ನೂ ನೋಡಿ ನಕ್ಕು, ಒಬ್ಬರಿಗೆ ಕೆಂಪು, ಒಬ್ಬರಿಗೆ ಬಿಳಿ, ಕೇಳದೆಯೇ ಸುರಿದು ಮುಂದಿಟ್ಟು, "ಬುಧವಾರ ಬಂತು ಅಂದ್ರೆ ನೀವಿಬ್ಬರೂ ತಪ್ಪಿಸಲ್ಲ, ಒಬ್ಬರು ಎದ್ದು ಹೋದ ಮೇಲೆ ಇನ್ನೊಬ್ಬರು. ಇವತ್ತಾದರೂ ಒಟ್ಟಿಗೆ ಕೂತ್ಕೊಳ್ಳಿ" ಅಂದರು.

ಮೆಲ್ಬರ್ನ್‌ನ ಬಕೆಟ್

ಅಲ್ಲಿಗೆ ನನ್ನ ಕರ್ನಾಟಕದ ವಕಾಲತ್ತು ಮುಗಿಯಿತು. "ನಿಮ್ಮವರು ಕುಡೀತಾರೆ. ನೀನೊಬ್ಬ ಕುಡಿಯಲ್ಲ. ಯಾಕೋ ನನಗೆ ನಂಬಿಕೆ ಬರಲ್ಲ" ಎಂದು ಯಜಮಾನರು ಮುಖ ತಿರುಗಿಸಿದರು. ಅದೇ ಸಮಯಕ್ಕೆ ಅವರ ಮಂಡಿ ಊದಿಕೊಂಡಿತು. ಮೆಲ್ಬರ್ನ್‌ನಲ್ಲಿ ವೈನ್ ತರಿಸುವವರ ಕೂಟವೊಂದಿತ್ತು. ಸರಗೋಸಾ ಕಡೆಯ ವೈನನ್ನು ಯಾವ ಬಾರಿಗೆ ಕೊಡಬೇಕು ಎಂದು ಅವರು ಅಲ್ಲಿ ತೀರ್ಮಾನಿಸುತ್ತಿದ್ದರು. ಬೇರೆ ಯಾರಿಗೂ ಬಿಡುವಿಲ್ಲದೆ ನನ್ನನ್ನೇ ಕಳಿಸಿದರು. "ರುಚಿ ನೋಡಿ ಮಾತಾಡಬೇಕು. ಮಾನ ಕಳೆದರೆ ಅಲ್ಲೇ ಮೆಲ್ಬರ್ನ್‌ನಲ್ಲೇ ಇದ್ದುಬಿಡು."

ಹೋಗಿ ನೋಡಿದರೆ ಉದ್ದನೆಯ ಮೇಜುಗಳು, ಸೂಟು ಹಾಕಿದ ಜನ. ಒಬ್ಬೊಬ್ಬರೂ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಗಳಗಳ ಮುಕ್ಕಳಿಸಿ, ಪಕ್ಕದ ಬಕೆಟ್ಟಿಗೆ ಉಗುಳುತ್ತಿದ್ದರು. ನನಗೆ ಜೀವ ಬಂತು. ಆದರೂ ಬಾಯಿಗೆ ಹಾಕುವುದೂ ಮಾತು ಮುರಿದ ಹಾಗೆಯೇ ಅಲ್ಲವೇ? ಹೊರಗೆ ಬಂದು ಫೋನ್ ಕಾರ್ಡ್ ಹಾಕಿ ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮ, ಬಾಯಿಗೆ ಹಾಕ್ಕೊಂಡು ಉಗುಳಿದರೆ ಉಪವಾಸ ಕೆಡುತ್ತಾ?"

"ಮುಕ್ಕಳಿಸಿ ಉಗುಳೋದಕ್ಕೆಲ್ಲ ಕೆಡುತ್ತೇನೋ? ಹಲ್ಲು ಉಜ್ಜದೆ ಇರೋಕಾಗುತ್ತಾ? ಅದ್ಸರಿ, ಇವತ್ತು ಯಾವ ಉಪವಾಸನೋ, ದಶಮಿ ಅಲ್ವಾ?"

ಅವಳು ದಶಮಿ ಅಂದ ಕೂಡಲೇ ನನ್ನ ಧೈರ್ಯ ಸೋರಿಹೋಯಿತು. ಅಮ್ಮನನ್ನು ಏಮಾರಿಸಿ ಪಡೆದ ಅಪ್ಪಣೆ ಅಪ್ಪಣೆಯಲ್ಲ. ಒಳಗೆ ಬಂದು ಗ್ಲಾಸ್ ಎತ್ತಿ, ಬರೀ ಮೂಸಿ, ಬಾಯಿಗೆ ಹಾಕಿದಂತೆ ನಟಿಸಿ, ಎಲ್ಲರಿಗಿಂತ ಜೋರಾಗಿ ಬಕೆಟ್ಟಿಗೆ ಉಗುಳಿದೆ. ಉಗುಳಿದ್ದು ಬರೀ ಉಗುಳು. ಆ ಸದ್ದಿಗೆ ಕೂಟದ ದೊಡ್ಡ ಮನುಷ್ಯರೊಬ್ಬರು ನನ್ನ ಮುಂದೆ ಬಂದು ನಿಂತರು. "ಏನನ್ನಿಸಿತು?"

ನನ್ನ ಹತ್ತಿರ ಇದ್ದದ್ದು ಮೂಗು ಒಂದೇ. ಅದಕ್ಕೆ ತೋಚಿದ್ದನ್ನು ಹೇಳಿದೆ. "ಹುಣಸೆಹಣ್ಣು. ಹಳೇ ಬೆಲ್ಲ. ಹುರಿದ ಎಳ್ಳು. ಸ್ವಲ್ಪ ಒಣಕೊಬ್ಬರಿ." ಬಾಯಲ್ಲಿ ನೀರೂರಿತು, ಭಯದಲ್ಲಿ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. "ಒಟ್ಟಿನಲ್ಲಿ ನಮ್ಮ ಕಡೆಯ ಪುಳಿಯೋಗರೆ."

ಅವರು ಮತ್ತೆ ಗ್ಲಾಸಿಗೆ ಮೂಗು ಹಾಕಿದರು. "ಹೌದು" ಅಂದರು ನಿಧಾನವಾಗಿ. ಪಕ್ಕದವರೂ ಮೂಗು ಹಾಕಿ ಹೌದೌದು ಅಂದರು. ಅವರಲ್ಲಿ ಒಬ್ಬರೂ ಹುಣಸೆಹಣ್ಣು ಕಂಡಿರಲಿಕ್ಕಿಲ್ಲ. ವೈನ್ ನಮ್ಮ ಬಾರಿಗೇ ಸಿಕ್ಕಿತು. ಅವರು ಹಂಚಿದ ಕ್ಯಾಟಲಾಗಿನಲ್ಲಿ, ಈ ವೈನ್ ಜೊತೆಗೆ ಪುಳಿಯೋಗರೆ ಚೆನ್ನ ಎಂದು ಅಚ್ಚಾಯಿತು.

ಜನ ಅದನ್ನು ಸ್ಪೇನಿನ ತಿಂಡಿ ಎಂದುಕೊಂಡು ನಮ್ಮ ಬಾರಿಗೆ ಬಂದು ಕೇಳತೊಡಗಿದರು. ಯಜಮಾನರು ಏನು ಹೇಳುತ್ತಾರೋ ಎಂದು ನಾನು ಕೌಂಟರಿನ ಹಿಂದೆ ಗ್ಲಾಸ್ ಒರೆಸುತ್ತ ನಿಂತೆ. ಅವರು ಒಂದು ಕ್ಷಣವೂ ಯೋಚಿಸದೆ, "ಅಯ್ಯೋ, ನಮ್ಮಜ್ಜಿ ಎಷ್ಟು ಚೆನ್ನಾಗಿ ಮಾಡ್ತಿದ್ದಳು! ಈಗ ಸರಗೋಸಾದಲ್ಲೂ ಯಾರಿಗೂ ಬರಲ್ಲ" ಅಂದರು.

ದೇವಿಯ ಹಬ್ಬ

ಇಷ್ಟರಲ್ಲಿ ನನ್ನ ವಿದ್ಯಾರ್ಥಿ ವೀಸಾ ಮುಗಿಯುವ ಕಾಲ ಬಂತು. ಯಜಮಾನರು ಸ್ಪಾನ್ಸರ್ ಮಾಡಿ ಸಹಿ ಹಾಕಿದರೆ ಸಿಡ್ನಿ, ಇಲ್ಲದಿದ್ದರೆ ಗಂಟುಮೂಟೆ. ಕೇಳಿದಾಗ ಅವರು ಗೋಡೆಯ ಮೇಲಿನ ಚರ್ಚಿನ ಫೋಟೋ ತೋರಿಸಿದರು. ಅಕ್ಟೋಬರಿನಲ್ಲಿ, ನಮ್ಮ ನವರಾತ್ರಿಯ ಆಸುಪಾಸಿನಲ್ಲೇ, ಅವರೂರಿನ ದೇವಿಯ ಹಬ್ಬ. ಆ ದಿನ ಬಾರಿನಲ್ಲಿ ಗಿಂಡಿ ಕೈಯಿಂದ ಕೈಗೆ ಸುತ್ತುತ್ತದೆ, ಅದರಿಂದ ಕುಡಿದವರೇ ಆ ಮನೆಯ ಮಕ್ಕಳು. ಪ್ರತಿ ವರ್ಷ ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ತಪ್ಪಿಸಿಕೊಳ್ಳುತ್ತಿದ್ದೆ.

"ನನ್ನ ಮನೆಯವನಿಗೆ ಸಹಿ ಹಾಕ್ತೀನಿ. ಹೊರಗಿನವನಿಗೆ ಹಾಕಲ್ಲ" ಅಂದರು. "ನಿನ್ನ ತಾಯಿ ಇಲ್ಲೇ ಬಂದಿದ್ದಾರಂತಲ್ಲ, ಕರ್ಕೊಂಡು ಬಾ. ನಾನೇ ಅಪ್ಪಣೆ ಕೇಳ್ತೀನಿ."

ಅಮ್ಮ ಬಂದದ್ದು ನಿಜ. ಸಿಡ್ನಿಯದೇ ಇನ್ನೊಂದು ಬಡಾವಣೆ ರೌಸ್ ಹಿಲ್‌ನಲ್ಲಿರುವ ಅಕ್ಕನ ಬಾಣಂತನಕ್ಕೆ ಬಂದಿದ್ದಳು. ನನಗೆ ಎರಡು ದಿನ ನಿದ್ದೆ ಹತ್ತಲಿಲ್ಲ. ಕುಡಿದರೆ ಅಮ್ಮನ ತಲೆ ಮುಟ್ಟಿ ಕೊಟ್ಟ ಮಾತು ಹೋಗುತ್ತದೆ, ಕುಡಿಯದಿದ್ದರೆ ಬದುಕೇ ವಾಪಸ್ ನಂಜನಗೂಡಿಗೆ ಹೋಗುತ್ತದೆ. ಕೊನೆಗೆ ಒಂದು ಉಪಾಯ ಮಾಡಿದೆ. ಬಾರಿನ ಅಡುಗೆಮನೆಯ ಅಟ್ಟದಲ್ಲಿ ಅದೇ ಥರದ ಹಳೇ ಗಿಂಡಿ ಒಂದಿತ್ತು. ಅದನ್ನು ತೊಳೆದು, ಕಪ್ಪು ದ್ರಾಕ್ಷಿಯ ಜ್ಯೂಸ್ ತುಂಬಿ, ಕೌಂಟರಿನ ಕೆಳಗೆ ಬಚ್ಚಿಟ್ಟೆ. ಸುತ್ತು ನನ್ನ ಹತ್ತಿರ ಬಂದಾಗ ವೈನಿನ ಗಿಂಡಿ ಕೆಳಗೆ, ಜ್ಯೂಸಿನ ಗಿಂಡಿ ಮೇಲೆ.

ಹಬ್ಬದ ಮಧ್ಯಾಹ್ನ ಬಾರು ಕಿಕ್ಕಿರಿದಿತ್ತು. ಅಮ್ಮ ರೇಷ್ಮೆ ಸೀರೆ ಉಟ್ಟು, ಯಾವ ಮೇಜಿಗೂ ಸೆರಗು ತಾಗದ ಹಾಗೆ ಹಿಡಿದುಕೊಂಡು, ನೇರ ಬಂದು ಕೌಂಟರಿನ ಪಕ್ಕ ಸ್ಟೂಲಿನ ಮೇಲೆ ಕುಳಿತಳು. ಯಜಮಾನರು ಬಗ್ಗಿ ನಮಸ್ಕಾರ ಮಾಡಿದರು. ಆಮೇಲೆ ಎಲ್ಲರ ಕಡೆ ತಿರುಗಿ, "ಈ ಸಲ ಮೊದಲ ಗುಟುಕು ತಾಯಿಗೆ!" ಎಂದು ಕೂಗಿ, ವೈನಿನ ಗಿಂಡಿಯನ್ನು ಎತ್ತಿಕೊಂಡರು.

"ನಾನು ಕೊಡ್ತೀನಿ, ಅಮ್ಮನಿಗೆ ಮಗನೇ ಕೊಡಬೇಕು" ಎಂದು ಅದನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೆ. ಬಟ್ಟೆಯಲ್ಲಿ ಒರೆಸುವವನ ಹಾಗೆ ಬಗ್ಗಿ, ಅದನ್ನು ಕೆಳಗಿಟ್ಟು ಜ್ಯೂಸಿನ ಗಿಂಡಿ ಎತ್ತಿದೆ. ಯಾರೂ ನೋಡಲಿಲ್ಲ ಅನ್ನಿಸಿತು.

"ಏನೋ ಇದು?" ಅಂದಳು ಅಮ್ಮ.

"ದ್ರಾಕ್ಷಿ ಜ್ಯೂಸ್ ಅಮ್ಮ. ನಾನೇ ತುಂಬಿದ್ದು."

"ಎಂಜಲಾಗಿಲ್ಲ ತಾನೆ?"

"ಇದನ್ನ ಯಾರೂ ಕಚ್ಚಿ ಕುಡಿಯಲ್ಲ. ಎಲ್ಲರೂ ಎತ್ತಿಯೇ ಕುಡಿಯೋದು."

ಅಮ್ಮ ಬಾರನ್ನು ಮೊದಲ ಸಲ ಮೆಚ್ಚುಗೆಯಿಂದ ನೋಡಿದಳು. ಗಿಂಡಿಯನ್ನು ತಿರುಗಿಸಿ ಮೂತಿ ನೋಡಿ, ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಸೆರಗು ಒತ್ತಿಕೊಂಡು ತಲೆ ಎತ್ತಿದಳು. ಕೈ ಮೇಲೆ ಹೋಯಿತು. ಇನ್ನೂ ಮೇಲೆ ಹೋಯಿತು. ಸಣ್ಣ ಕೆಂಪು ಧಾರೆ ಅಷ್ಟು ಎತ್ತರದಿಂದ ನೇರ ಬಾಯೊಳಗೆ ಇಳಿಯಿತು. ಬಾಣಂತಿ ಮನೆಯ ಕೆಲಸ, ಪಾಪ, ಬಾಯಾರಿತ್ತು ಅಂತ ಕಾಣುತ್ತದೆ, ನಿಲ್ಲಿಸಲೇ ಇಲ್ಲ. ಇಡೀ ಬಾರು ಉಸಿರು ಹಿಡಿದು ನೋಡಿತು. ಸೀರೆಯ ಮೇಲೆ ಒಂದು ಹನಿ ಇಲ್ಲ. ಗಿಂಡಿ ಕೆಳಗಿಳಿಸಿದಾಗ ಚಪ್ಪಾಳೆಗೆ ಗ್ಲಾಸುಗಳು ಅದುರಿದವು.

ಆಗ ನನಗೆ ತಿಳಿಯಿತು, ನಾನು ಎಂಥ ಹೊಂಡ ತೋಡಿಕೊಂಡಿದ್ದೇನೆ ಎಂದು. ಯಜಮಾನರು ನನ್ನನ್ನೇ ನೋಡುತ್ತಿದ್ದರು. "ಇವರಾ," ಅಂದರು, "ಇವರಾ ನಿನಗೆ ಕುಡಿಯಬೇಡ ಅಂದವರು?"

ಜ್ಯೂಸ್ ಅಂತ ಹೇಳಿದರೆ ಹಬ್ಬದ ಗಿಂಡಿಗೆ ಮೋಸ. ಹೇಳದಿದ್ದರೆ ಇಷ್ಟು ವರ್ಷ ನಾನು ಆಡಿದ್ದೆಲ್ಲ ಸುಳ್ಳು. ಅಷ್ಟರಲ್ಲಿ ಜನ, "ಇನ್ನು ಯಜಮಾನರು! ಅದೇ ಗಿಂಡಿಯಲ್ಲಿ!" ಎಂದು ಮೇಜು ಕುಟ್ಟತೊಡಗಿದರು. ಅವರ ಕೈ ಒಮ್ಮೆ ಮೇಲಿನ ಶೆಲ್ಫಿನ ಕಡೆ, ತಮ್ಮ ಸ್ವಂತ ಗಿಂಡಿಯ ಕಡೆ ಹೋಯಿತು. ಜನ ಬಿಡಲಿಲ್ಲ. ಅಮ್ಮನೂ ತಾನಾಗಿಯೇ ಗಿಂಡಿಯನ್ನು ಅವರ ಮುಂದೆ ಹಿಡಿದು, "ತಗೊಳ್ಳಿ, ಸಂಕೋಚ ಬೇಡ" ಅಂದಳು. ಅವರ ಹಣೆಯಲ್ಲಿ ಬೆವರು ಕಂಡಿತು. ಸಿಟ್ಟಿನ ಬೆವರು ಅಂದುಕೊಂಡೆ. ಕಣ್ಣು ಮುಚ್ಚಿ ಎತ್ತಿದರು. ಧಾರೆ ಬಾಯಿಗೆ ಬಿತ್ತು. ನಾನು ಮನಸ್ಸಿನಲ್ಲೇ ಸೂಟ್‌ಕೇಸ್ ಕಟ್ಟಿದೆ.

ಮೊದಲ ಗುಟುಕಿಗೆ ಅವರ ಕಣ್ಣು ತೆರೆಯಿತು. ನನ್ನನ್ನು ನೋಡಿದರು. ಧಾರೆ ನಿಲ್ಲಿಸಲಿಲ್ಲ. ಉಳಿದದ್ದರಲ್ಲಿ ಅರ್ಧ ಮುಗಿಸಿ, ಗಿಂಡಿ ಇಳಿಸಿ, ಮೀಸೆ ಒರೆಸಿಕೊಂಡು, "ನಮ್ಮೂರಿನ ವೈನ್ ಅಂದ್ರೆ ಇದು! ಇಂಥದ್ದನ್ನ ನಾನು ವರ್ಷಗಳಿಂದ ಕುಡಿದಿಲ್ಲ!" ಎಂದು ಗರ್ಜಿಸಿ ಅದನ್ನು ನನ್ನ ಕೈಗೆ ಕೊಟ್ಟರು. "ಕುಡಿ!"

ಕುಡಿದೆ. ಮತ್ತೆ ಚಪ್ಪಾಳೆ. ಅಮ್ಮ ಹೆಮ್ಮೆಯಿಂದ ನೋಡುತ್ತಿದ್ದಳು. "ನಿಮ್ಮ ಯಜಮಾನರು ತುಂಬ ಆಚಾರವಂತರು ಕಣೋ" ಅಂದಳು. "ಇಂಥ ಕಡೆ ಇದ್ದರೆ ನನಗೆ ಯೋಚನೆಯಿಲ್ಲ."

ಯಜಮಾನರು ಅಲ್ಲೇ ಪೇಪರ್ ತರಿಸಿ ಕೌಂಟರಿನ ಮೇಲೆ ಬಗ್ಗಿ ಸಹಿ ಹಾಕಿದರು. ನಾನು ಬಗ್ಗಿ ಥ್ಯಾಂಕ್ಸ್ ಹೇಳಲು ಹೋದಾಗ ಕಿವಿ ಹಿಡಿದು ಹತ್ತಿರ ಎಳೆದುಕೊಂಡರು. ಈಗ ಬೈಗುಳ ಬಂತು ಎಂದು ಕಣ್ಣು ಮುಚ್ಚಿದೆ.

"ಮುಂದಿನ ಸಲ ಅರ್ಧಕ್ಕರ್ಧ ತಣ್ಣಗಿನ ಬ್ಲ್ಯಾಕ್ ಟೀ ಬೆರೆಸು, ಮಗನೇ" ಅಂದರು ಪಿಸುದನಿಯಲ್ಲಿ. "ಬರೀ ಜ್ಯೂಸ್ ಆದರೆ ಮೀಸೆಗೆ ಅಂಟುತ್ತೆ. ಡಾಕ್ಟರು ವೈನ್ ಬಿಡಿಸಿದಾಗಿನಿಂದ ನನ್ನ ಗಿಂಡಿಗೂ ನಾನು ಹಾಗೇ ಮಾಡ್ತಿರೋದು."